ಹಣೆಬರಹ ಅಂದುಕೊಂಡಿದ್ದರೆ ಮುಗಿದುಹೋಗ್ತಿತ್ತು

ಮೂರು ವಾರದ ಹಿಂದೆ ಭಾನುವಾರ ಬೆಳಗ್ಗೆ ಟರ್ಫ್‌ನಲ್ಲಿ ಆಟ ಮುಗಿಸಿ ಬೂಟು ಬಿಚ್ಚುತ್ತಾ ಕೂತಿದ್ದೆವು. ಆಫೀಸಿನ ಗೆಳೆಯ ಕೇಳಿದ: "ಮಗನ್ನ ಫುಟ್‌ಬಾಲ್ ಕೋಚಿಂಗಿಗೆ ಸೇರಿಸೋಣ ಅಂತಿದೀನಿ. ಬಾಲನ್ನ ತಲೇಲಿ ಹೊಡೆದು ಹೊಡೆದು ಮುಂದೆ ಮರೆವಿನ ಕಾಯಿಲೆ ಬರುತ್ತಂತೆ, ಹೌದೇನೋ?"

ಹುಡುಗನಿಗೆ ಎಂಟು ವರ್ಷ. ಫುಟ್‌ಬಾಲ್ ವಿಷಯ ಬಂದರೆ ನಮ್ಮ ಗುಂಪಿನಲ್ಲಿ ನನ್ನನ್ನೇ ಕೇಳೋದು ರೂಢಿ. ಗೊತ್ತಿರಲಿ ಬಿಡಲಿ, ಉತ್ತರ ಕೊಡೋದು ನನ್ನ ರೂಢಿ. "ಅದೆಲ್ಲ ಹಳೇ ಲೆದರ್ ಬಾಲ್ ಕಾಲದ ಕಥೆ ಗುರು. ಈಗಿನ ಬಾಲ್ ಹಗುರ. ಫುಟ್‌ಬಾಲ್ ಆಡಿದವರು ನಮ್ಮಂಥವರಿಗಿಂತ ಜಾಸ್ತಿ ವರ್ಷ ಬದುಕ್ತಾರೆ. ಆರಾಮಾಗಿ ಸೇರಿಸು" ಅಂದೆ. ಅವನು ನಂಬಿದ.

ಅವನು ನಂಬಿಬಿಟ್ಟಿದ್ದೇ ಆಮೇಲೆ ಕಾಡತೊಡಗಿತು. ಮನೆಗೆ ಬಂದು ಓದಲು ಕೂತೆ. ಒಂದು ರಾತ್ರಿ ಸಾಕು ಅಂದುಕೊಂಡಿದ್ದು ಎರಡು ವಾರ ಎಳೆಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟು: ನಾನು ಹೇಳಿದ ಮೂರು ಮಾತಿನಲ್ಲಿ ಎರಡು ತಪ್ಪು, ಒಂದು ನಿಜ. ದಾರಿ ತಪ್ಪಿಸಿದ್ದು ಮಾತ್ರ ಆ ನಿಜವಾದ ಮಾತೇ.

ಜೆಫ್ ಆಸ್ಟಲ್ ಅನ್ನುವವರಿಂದ ಶುರು ಮಾಡ್ತೀನಿ. ಇಂಗ್ಲೆಂಡಿನ ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಕ್ಲಬ್ಬಿನ ಸ್ಟ್ರೈಕರ್. 1968ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಗೆಲುವಿನ ಗೋಲು ಹೊಡೆದವರು. ಗಾಳಿಯಲ್ಲಿ ಬರುವ ಚೆಂಡಿಗೆ ಹಣೆ ಕೊಡೋದರಲ್ಲಿ ಅವರದು ದೊಡ್ಡ ಹೆಸರು. 1970ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧ ಬದಲಿ ಆಟಗಾರನಾಗಿ ಇಳಿದು ಒಂದು ಸುಲಭದ ಅವಕಾಶ ಮಿಸ್ ಮಾಡಿದರು. ಇಂಗ್ಲೆಂಡಿನವರು ಅದನ್ನು ಮರೆಯಲೇ ಇಲ್ಲ.

ಆಟ ಬಿಟ್ಟ ಮೇಲೆ ಆಸ್ಟಲ್ ಮಾಡಿದ ಕೆಲಸ ಏನು ಗೊತ್ತಾ? ಕಿಟಕಿ ಗಾಜು ಒರೆಸುವ ಬಿಸಿನೆಸ್. ತನ್ನನ್ನೇ ಗೇಲಿ ಮಾಡಿಕೊಂಡು, ಜೆಫ್ ಆಸ್ಟಲ್ ಮೂಲೆಗಳನ್ನು ಮಾತ್ರ ಯಾವತ್ತೂ ಮಿಸ್ ಮಾಡಲ್ಲ ಅನ್ನುವ ಅರ್ಥದ ಸಾಲನ್ನು ವ್ಯಾನಿನ ಮೇಲೆ ಬರೆಸಿದ್ದರು. ದೇಶಕ್ಕಾಗಿ ವಿಶ್ವಕಪ್ ಆಡಿದ ಮನುಷ್ಯ ಏಣಿ ಹತ್ತಿ ಗಾಜು ಒರೆಸುತ್ತಿದ್ದರು. ಆ ತಲೆಮಾರಿನ ಆಟಗಾರರಿಗೆ ಈಗಿನವರ ಥರ ಕೋಟಿಗಳು ಸಿಗುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಕೊನೆಕೊನೆಗೆ ತಾನೊಬ್ಬ ಫುಟ್‌ಬಾಲ್ ಆಟಗಾರನಾಗಿದ್ದೆ ಅನ್ನೋದೇ ಅಪ್ಪನಿಗೆ ನೆನಪಿರಲಿಲ್ಲ ಅಂತ ಮಗಳು ಡಾನ್ ಆಸ್ಟಲ್ ಹೇಳಿಕೊಂಡಿದ್ದಾರೆ. 2002ರ ಜನವರಿಯಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು ಬರೀ 59.

ಇಂಥ ಕಡೆ ನಮ್ಮ ಮನೆಗಳಲ್ಲಿ ಏನಂತೀವಿ? "ಏನ್ಮಾಡೋದು, ಹಣೆಬರಹ." ಆ ಕುಟುಂಬವೂ ಹಾಗೇ ಅಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಸಾವಿನ ಕಾರಣದ ವಿಚಾರಣೆ ನಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ವಿಚಾರಣಾಧಿಕಾರಿ ಕೊಟ್ಟ ತೀರ್ಪು: ಇದು ಔದ್ಯೋಗಿಕ ಕಾಯಿಲೆ. ಅಂದರೆ ಕೆಲಸದಿಂದ ಬಂದ ಕಾಯಿಲೆ. ನಮ್ಮ ಕೆಜಿಎಫ್ ಗಣಿಯಲ್ಲಿ ದುಡಿದವರ ಶ್ವಾಸಕೋಶಕ್ಕೆ ಕಲ್ಲಿನ ದೂಳು ಹೊಕ್ಕು ಸಿಲಿಕೋಸಿಸ್ ಬರುತ್ತಿತ್ತಲ್ಲ, ಆ ಸಾಲಿಗೆ ಸೇರಿದ್ದು. ವರ್ಷಗಟ್ಟಲೆ ಚೆಂಡನ್ನು ತಲೆಯಿಂದ ಹೊಡೆದದ್ದು ಮೆದುಳಿಗೆ ಪೆಟ್ಟು ಕೊಟ್ಟಿದೆ ಅಂತ ಸರ್ಕಾರಿ ಕಾಗದದ ಮೇಲೆ ಬಂತು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, 2002ರಲ್ಲೇ ಬಗ್ ರಿಪೋರ್ಟ್ ಫೈಲ್ ಆಗಿತ್ತು. ಯಾವ ಮಾಡ್ಯೂಲ್, ಏನು ಕಾರಣ, ಎಲ್ಲ ಬರೆದು ಕೊಟ್ಟಿದ್ದರು. ಆಮೇಲೆ ಆ ಟಿಕೆಟ್ ಎಲ್ಲೋ ಬ್ಯಾಕ್‌ಲಾಗಿನ ತಳ ಸೇರಿತು. ಸಂಶೋಧನೆಯ ಭರವಸೆ ಬಂತು, ಫಲಿತಾಂಶ ಬರಲಿಲ್ಲ. ಹೆಂಡತಿ ಮತ್ತು ಹೆಣ್ಣುಮಕ್ಕಳು ಬಿಡದೆ ಬಾಗಿಲು ತಟ್ಟುತ್ತಲೇ ಇದ್ದರು. 2014ರಲ್ಲಿ ಗ್ಲಾಸ್ಗೋದ ನರರೋಗ ತಜ್ಞ ಡಾ. ವಿಲ್ಲಿ ಸ್ಟುವರ್ಟ್, ಕಾಪಾಡಿ ಇಟ್ಟಿದ್ದ ಆಸ್ಟಲ್ ಅವರ ಮೆದುಳಿನ ಅಂಗಾಂಶವನ್ನು ಮತ್ತೆ ನೋಡಿದರು. ಕಂಡದ್ದು ಸಿಟಿಇ ಅನ್ನುವ ಕಾಯಿಲೆ. ಬಾಕ್ಸರ್‌ಗಳಲ್ಲಿ ಬಹಳ ಹಿಂದಿನಿಂದ ಗೊತ್ತಿದ್ದದ್ದು.

ಆ 2002ರಲ್ಲೇ ಅಟ್ಲಾಂಟಿಕ್ ಆಚೆ ಇನ್ನೊಂದು ಸಾವಾಗಿತ್ತು. ಮೈಕ್ ವೆಬ್‌ಸ್ಟರ್, ಅಮೆರಿಕನ್ ಫುಟ್‌ಬಾಲಿನ ದೊಡ್ಡ ಹೆಸರು, ಸಾಯುವಾಗ 50 ವರ್ಷ. ಮರಣೋತ್ತರ ಪರೀಕ್ಷೆ ಮಾಡಿದ ಡಾ. ಬೆನೆಟ್ ಒಮಾಲು ಅವರ ಮೆದುಳಿನಲ್ಲಿ ಇದೇ ಸಿಟಿಇ ಕಂಡು 2005ರಲ್ಲಿ ಪ್ರಕಟಿಸಿದರು. ಲೀಗಿನ ವೈದ್ಯರ ಸಮಿತಿಯವರು ಆ ಲೇಖನವನ್ನೇ ವಾಪಸ್ ತೆಗೆಯಿರಿ ಅಂದರು. ಅಲ್ಲಿ ಡಿಕ್ಕಿ ಹೊಡೆಯೋದೇ ಆಟ, ಹಾಗಾಗಿ ಜನಕ್ಕೆ ನಂಬೋದು ಸುಲಭವಾಯಿತು. ಸಾವಿರಾರು ಮಾಜಿ ಆಟಗಾರರು ಕೋರ್ಟಿಗೆ ಹೋಗಿ ದೊಡ್ಡ ಮೊತ್ತದ ಪರಿಹಾರದ ಒಪ್ಪಂದವೂ ಆಯಿತು. ನಮ್ಮ ಫುಟ್‌ಬಾಲ್ ಮಾತ್ರ ಸಾಧು ಆಟ ಅಂತ ಎಲ್ಲರೂ ಅಂದುಕೊಂಡಿದ್ದೆವು.

ಇಲ್ಲೊಂದು ಎಚ್ಚರ ಬೇಕು. ಅಮೆರಿಕದ ಬಾಸ್ಟನ್‌ನಲ್ಲಿ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳು ಪರೀಕ್ಷಿಸಿದಾಗ 110ರಲ್ಲಿ ಸಿಟಿಇ ಕಂಡಿತು ಅಂತ 2017ರಲ್ಲಿ ವರದಿ ಬಂತು. ಓದಿದ ತಕ್ಷಣ ಎದೆ ಧಸಕ್ ಅನ್ನುತ್ತೆ. ಆದರೆ ಯಾರು ಮೆದುಳು ದಾನ ಮಾಡ್ತಾರೆ? ಬಹುಮಟ್ಟಿಗೆ ಬದುಕಿದ್ದಾಗಲೇ ಏನೋ ಸರಿ ಇಲ್ಲ ಅಂತ ಅನುಮಾನ ಬಂದ ಮನೆಯವರು. ಆಪ್ ಕ್ರ್ಯಾಶ್ ಆದವರು ಮಾತ್ರ ರಿವ್ಯೂ ಬರೆದ ಹಾಗೆ. ಅದರಿಂದ ಕಾಯಿಲೆ ಇದೆ ಅಂತ ಗೊತ್ತಾಗುತ್ತೆ, ಎಷ್ಟು ಜನಕ್ಕಿದೆ ಅಂತ ಗೊತ್ತಾಗಲ್ಲ. ಎಷ್ಟು ಅಂತ ತಿಳಿಯಬೇಕಾದರೆ ಎಲ್ಲರನ್ನೂ ಎಣಿಸಬೇಕು, ಚೆನ್ನಾಗಿರುವವರನ್ನೂ ಸೇರಿಸಿ.

ಆ ಎಣಿಕೆಯನ್ನು ಸ್ಟುವರ್ಟ್ ತಂಡ ಮಾಡಿತು. ನ್ಯಾಯವಾಗಿ ಹೇಳಬೇಕು ಅಂದರೆ, ದುಡ್ಡು ಕೊಟ್ಟದ್ದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮತ್ತು ಆಟಗಾರರ ಸಂಘವೇ, ತಡವಾಗಿಯಾದರೂ. 1900ರಿಂದ 1976ರ ನಡುವೆ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ವೃತ್ತಿಪರರಾಗಿ ಆಡಿದ 7,676 ಗಂಡಸರ ಪಟ್ಟಿ ತೆಗೆದರು. ಅದೇ ವಯಸ್ಸಿನ, ಅದೇ ಥರದ ಬಡತನ ಸಿರಿತನದ ಊರುಕೇರಿಗಳ 23,000 ಸಾಮಾನ್ಯ ಗಂಡಸರನ್ನು ಪಕ್ಕಕ್ಕಿಟ್ಟರು. ಮರಣ ದಾಖಲೆ, ಆಸ್ಪತ್ರೆ ದಾಖಲೆ, ಔಷಧಿ ಚೀಟಿ ಎಲ್ಲ ಜೋಡಿಸಿದರು. 2019ರ ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ಆಸ್ಟಲ್ ತೀರ್ಪಿನಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 17 ವರ್ಷ.

ಮೊದಲು ಒಳ್ಳೇ ಸುದ್ದಿ. 70 ವರ್ಷದವರೆಗೆ ಮಾಜಿ ಆಟಗಾರರು ಸಾಯೋದು ಕಡಿಮೆ. ಹೃದಯದ ಕಾಯಿಲೆಯಿಂದ ಸಾವು ಕಡಿಮೆ. ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಅರ್ಧ. ನಾನು ಗೆಳೆಯನಿಗೆ ಹೇಳಿದ "ಜಾಸ್ತಿ ವರ್ಷ ಬದುಕ್ತಾರೆ" ಅನ್ನೋದು ಇದೇ.

ಆದರೆ ಡಿಮೆನ್ಷಿಯಾ, ಪಾರ್ಕಿನ್ಸನ್‌ನಂಥ ಮೆದುಳು ಸವೆಯುವ ಕಾಯಿಲೆಗಳೇ ಮುಖ್ಯ ಕಾರಣವಾಗಿ ಸತ್ತವರನ್ನು ಬೇರೆ ಮಾಡಿ ನೋಡಿದಾಗ ಚಿತ್ರ ಉಲ್ಟಾ. ಆಟಗಾರರಲ್ಲಿ 1.7%, ಸಾಮಾನ್ಯರಲ್ಲಿ 0.5%. ವಯಸ್ಸು, ಬೇರೆ ಕಾರಣದ ಸಾವು ಎಲ್ಲ ಸರಿದೂಗಿಸಿದ ಮೇಲೆ ಸುಮಾರು ಮೂರೂವರೆ ಪಟ್ಟು. ಅಲ್ಝೈಮರ್ ಒಂದನ್ನೇ ತೆಗೆದುಕೊಂಡರೆ ಐದು ಪಟ್ಟು. "ಜಾಸ್ತಿ ದಿನ ಬದುಕಿದ್ದಕ್ಕೆ ಮುದಿತನದ ಕಾಯಿಲೆ ಬಂತು ಬಿಡಿ" ಅಂತ ತಳ್ಳಿಹಾಕೋ ಹಾಗಿಲ್ಲ, ಯಾಕೆಂದರೆ ಹೋಲಿಸಿದ್ದು ಅದೇ ವಯಸ್ಸಿನವರ ಜೊತೆ.

ನಮ್ಮ ಕೆಲಸದಲ್ಲಿ ಇದನ್ನು ದಿನಾ ನೋಡ್ತೀವಿ. ಡ್ಯಾಶ್‌ಬೋರ್ಡಿನಲ್ಲಿ ಸರಾಸರಿ ಹಸಿರು, ಎಲ್ಲ ಸೂಪರ್. ಒಳಗೆ ಕೈ ಹಾಕಿ ನೋಡಿದರೆ ಒಂದು ಗುಂಪಿನ ಬಳಕೆದಾರರಿಗೆ ಆಪ್ ಓಪನ್ನೇ ಆಗ್ತಿಲ್ಲ. ಗಟ್ಟಿ ಹೃದಯ, ಗಟ್ಟಿ ಶ್ವಾಸಕೋಶದ ಲಾಭ ಎಷ್ಟು ದೊಡ್ಡದಿತ್ತು ಅಂದರೆ, ಮೆದುಳಿನ ನಷ್ಟ ಅದರ ಹಿಂದೆ ಅಡಗಿ ಕೂತಿತ್ತು. ಆ ಮನೆಯವರ ಪಾಲಿಗೆ ಇದರ ಅರ್ಥ ಇನ್ನೂ ಕ್ರೂರ. ದೇಹ ಕಲ್ಲುಗುಂಡಿನ ಹಾಗೆ, ಒಳಗೆ ಮನುಷ್ಯ ಇಲ್ಲ.

ಇನ್ನು ಲೆದರ್ ಬಾಲ್ ಕಥೆ. ನಿಯಮದ ಪ್ರಕಾರ ಚೆಂಡಿನ ತೂಕ 410ರಿಂದ 450 ಗ್ರಾಂ. ಹಳೆಯ ಚೆಂಡು ಒಣಗಿದ್ದಾಗ ಇದ್ದದ್ದೂ ಹೆಚ್ಚುಕಡಿಮೆ ಇಷ್ಟೇ. ನೆನೆದರೆ ಭಾರವಾಗ್ತಿತ್ತು, ನಿಜ. ಆದರೆ ಭಾರವಾದ ಚೆಂಡು ನಿಧಾನವಾಗಿ ಬರುತ್ತೆ. ಈಗಿನದು ನೀರು ಕುಡಿಯಲ್ಲ, ಬುಲೆಟ್ ಥರ ಬರುತ್ತೆ. ಸ್ಟುವರ್ಟ್ ತಂಡ 2021ರಲ್ಲಿ ಅದೇ ಪಟ್ಟಿಯನ್ನು ಮತ್ತೆ ಜಾಲಾಡಿದಾಗ, ಯಾವ ದಶಕದಲ್ಲಿ ಹುಟ್ಟಿದವರು ಅನ್ನೋದರಿಂದ ಅಪಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈಗಿನ ಆಟಗಾರರು ಎಪ್ಪತ್ತು ಮುಟ್ಟಲು ಇನ್ನೂ ದಶಕಗಳಿವೆ. ಅವರ ಲೆಕ್ಕ ಬರೋದು ಆಮೇಲೆ.

ಅದೇ 2021ರ ವಿಶ್ಲೇಷಣೆಯಲ್ಲಿ ಇನ್ನೊಂದು ಸಂಗತಿ ಇತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತದ್ದು ಅದನ್ನು ಓದಿದಾಗ. ಗೋಲ್‌ಕೀಪರ್‌ಗಳ ಅಪಾಯ ಸಾಮಾನ್ಯ ಜನರಷ್ಟೇ. ಡಿಫೆಂಡರ್‌ಗಳದು ಸುಮಾರು ಐದು ಪಟ್ಟು. 15 ವರ್ಷಕ್ಕಿಂತ ಹೆಚ್ಚು ಆಡಿದವರದೂ ಐದು ಪಟ್ಟು ದಾಟುತ್ತೆ. ಕೀಪರ್ ಕೂಡ ಅದೇ ಡ್ರೆಸ್ಸಿಂಗ್ ರೂಮಿನವನು, ಅದೇ ಊಟ, ಅದೇ ಕುಡಿತ, ಅದೇ ಸಂಬಳ. ಅವನು ಮಾಡದೇ ಇರುವ ಕೆಲಸ ಯಾವುದು? ಚೆಂಡಿಗೆ ಹಣೆ ಕೊಡೋದು. ಡಿಫೆಂಡರ್ ಅತಿ ಹೆಚ್ಚು ಮಾಡುವ ಕೆಲಸ ಯಾವುದು? ಅದೇ. ಈ ಅಧ್ಯಯನ ಒಂದೊಂದು ಹೆಡರನ್ನೂ ಎಣಿಸಿಲ್ಲ, ಹಾಗಾಗಿ ಕೋರ್ಟಿನಲ್ಲಿ ವಕೀಲರು ವಾದ ಮಾಡಲು ಜಾಗ ಇದೆ. ನನ್ನ ಮಟ್ಟಿಗೆ ಅನುಮಾನ ಉಳಿದಿಲ್ಲ.

ಸ್ವೀಡನ್ನಿನಲ್ಲಿ ಇದೇ ಥರದ ಅಧ್ಯಯನ 2023ರಲ್ಲಿ ಬಂತು. ಅಲ್ಲಿನ ಮೇಲಿನ ದರ್ಜೆಯ 6,007 ಆಟಗಾರರು. ಮೆದುಳು ಸವೆಯುವ ಕಾಯಿಲೆಗಳ ಅಪಾಯ ಒಂದೂವರೆ ಪಟ್ಟಿಗೆ ಹತ್ತಿರ, ಸ್ಕಾಟ್ಲೆಂಡಿನಷ್ಟಿಲ್ಲ. ಪಾರ್ಕಿನ್ಸನ್ ಅಂತೂ ಆಟಗಾರರಲ್ಲೇ ಕಡಿಮೆ ಇತ್ತು. ಆದರೆ ಅಲ್ಲೂ ಗೋಲ್‌ಕೀಪರ್‌ಗಳಿಗೆ ಹೆಚ್ಚಿನ ಅಪಾಯ ಇರಲಿಲ್ಲ. ಎರಡು ದೇಶ, ಬೇರೆ ಬೇರೆ ದಾಖಲೆ, ಕೀಪರ್ ಮಾತ್ರ ಎರಡೂ ಕಡೆ ಪಾರು.

ಇದರಲ್ಲಿ ತಲೆ ಸುತ್ತಿ ಬೀಳುವ ಪೆಟ್ಟು ಬೇಕಾಗಿಲ್ಲ. ಬಿಎಂಟಿಸಿ ಬಸ್ಸಿನ ಡ್ರೈವರ್ ದಿಢೀರ್ ಬ್ರೇಕ್ ಹಾಕಿದರೆ ಬಸ್ಸಿಗೆ ಏನೂ ಆಗಲ್ಲ, ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ತಲೆಬುರುಡೆಯೊಳಗಿನ ಮೆದುಳೂ ಹಾಗೇ ಅಲುಗುತ್ತೆ. ಒಂದು ಸಲ ಆದರೆ ಏನಿಲ್ಲ. ವೃತ್ತಿಪರ ಆಟಗಾರನಿಗೆ ಪಂದ್ಯಕ್ಕಿಂತ ಜಾಸ್ತಿ ಹೆಡರ್ ಆಗೋದು ಅಭ್ಯಾಸದಲ್ಲಿ. ದಿನಾ, ವಾರಾ, ಹದಿನೈದು ವರ್ಷ. ಟಾವ್ ಅನ್ನುವ ಪ್ರೋಟೀನ್ ಮೆದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಗಂಟು ಕಟ್ಟುತ್ತಾ ಹೋಗುತ್ತೆ. ಸಿಟಿಇ ಖಚಿತವಾಗೋದು ಸತ್ತ ಮೇಲೆ ಮೆದುಳು ಕೊಯ್ದು ನೋಡಿದಾಗಲೇ. ಬದುಕಿರುವಾಗ ಮನೆಯವರಿಗೆ ಕಾಣೋದು ಬರೀ ಅಪ್ಪ ಬದಲಾಗ್ತಿದ್ದಾರೆ ಅಂತ.

1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಫೈನಲ್ ಆಡಿದ ಹನ್ನೊಂದು ಜನರಲ್ಲಿ ಕೀಪರ್ ಬಿಟ್ಟರೆ ಹತ್ತು. ಅದರಲ್ಲಿ ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ಜ್ಯಾಕ್ ಚಾರ್ಲ್ಟನ್, ನಾಬಿ ಸ್ಟೈಲ್ಸ್, ಬಾಬಿ ಚಾರ್ಲ್ಟನ್, ಐದು ಜನಕ್ಕೆ ಡಿಮೆನ್ಷಿಯಾ ಬಂತು. ಹತ್ತು ಜನರಿಂದ ಯಾವ ಸಿದ್ಧಾಂತವನ್ನೂ ಕಟ್ಟೋಕಾಗಲ್ಲ, ಗೊತ್ತು. ಆದರೂ ಆ ತಂಡದ ಹಳೇ ಫೋಟೋ ಈಗ ನೋಡಿದರೆ ಮುಂಚಿನ ಹಾಗೆ ನೋಡೋಕಾಗ್ತಿಲ್ಲ.

ನಾಬಿ ಸ್ಟೈಲ್ಸ್ ನೆನಪಿರಬಹುದು. ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾ, ಕಪ್ ಕೈಯಲ್ಲಿ ಹಿಡಿದು ವೆಂಬ್ಲಿಯಲ್ಲಿ ಕುಣಿದ ಪುಟ್ಟ ಮನುಷ್ಯ. 2010ರಲ್ಲಿ ಅವರು ಪದಕಗಳನ್ನು ಹರಾಜಿಗಿಟ್ಟರು, ಮನೆಯವರಿಗೆ ಏನಾದರೂ ಉಳಿಯಲಿ ಅಂತ. ವಿಶ್ವಕಪ್ ಪದಕವೂ ಅದರಲ್ಲಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ ಅದನ್ನು ಕೊಂಡು ತನ್ನ ಮ್ಯೂಸಿಯಮ್ಮಿಗೆ ಒಯ್ದಿತು. 2020ರಲ್ಲಿ ಅವರು ತೀರಿಕೊಂಡ ಮೇಲೆ ಮೆದುಳು ಪರೀಕ್ಷಿಸಿದಾಗ ಅಲ್ಲೂ ಸಿಟಿಇ.

ಮೆದುಳಿನ ಮಾತಲ್ಲಿ ಮಂಡಿ ಮರೆತುಬಿಡ್ತೀವಿ. ಲಿವರ್‌ಪೂಲಿನ ಟಾಮಿ ಸ್ಮಿತ್, ಎದುರಾಳಿಗಳು ಹೆದರುತ್ತಿದ್ದ ಡಿಫೆಂಡರ್. 1977ರಲ್ಲಿ ರೋಮ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಕಾರ್ನರ್‌ಗೆ ಹಾರಿ ಒಂದು ಗೋಲು ಹೊಡೆದರು. ತಲೆಯಿಂದ. ಆಟ ಬಿಟ್ಟ ಮೇಲೆ ಕೀಲುಗಳೆಲ್ಲ ಸವೆದು ಕೃತಕ ಕೀಲು ಹಾಕಿಸಿಕೊಂಡರು, ಅಂಗವೈಕಲ್ಯ ಭತ್ಯೆಯ ಮೇಲೆ ಬದುಕಬೇಕಾಯಿತು. 1996ರ ಎಫ್‌ಎ ಕಪ್ ಫೈನಲ್‌ಗೆ ಮುಂಚೆ ಮನರಂಜನೆಗಾಗಿ ಹಳೇ ಆಟಗಾರರನ್ನು ಮೈದಾನಕ್ಕೆ ಕರೆದು ಪೆನಾಲ್ಟಿ ಹೊಡೆಸಿದರು. ಸ್ಮಿತ್ ಕೂಡ ಹೋಗಿ ಒಂದು ಒದ್ದರು. ಟಿವಿಯಲ್ಲಿ ಬಂತು. ಭತ್ಯೆ ನಿಂತಿತು! ಚೆಂಡು ಒದೆಯೋಕೆ ಆಗುತ್ತೆ ಅಂದಮೇಲೆ ಅಂಗವಿಕಲ ಹೇಗೆ ಅಂತ ಇಲಾಖೆಯ ತರ್ಕ. ಮೊದಲ ಸಲ ಓದಿದಾಗ ನಕ್ಕುಬಿಟ್ಟೆ, ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯಿತು. ಕೊನೆಗಾಲದಲ್ಲಿ ಅವರಿಗೂ ಡಿಮೆನ್ಷಿಯಾ ಬಂತು. 2019ರಲ್ಲಿ ತೀರಿಕೊಂಡರು.

ಇಂಥ ಕುಟುಂಬಗಳಿಗಾಗಿ ಪ್ರೀಮಿಯರ್ ಲೀಗ್ ಮತ್ತು ಆಟಗಾರರ ಸಂಘ ಸೇರಿ 2023ರಲ್ಲಿ ಒಂದು ನಿಧಿ ತೆರೆದವು. ಆರಂಭದ ಮೊತ್ತ 10 ಲಕ್ಷ ಪೌಂಡ್. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಲೀಗ್ ಬ್ರಿಟನ್ ಒಳಗಿನ ಟಿವಿ ಹಕ್ಕುಗಳನ್ನು ನಾಲ್ಕು ಸೀಸನ್ನಿಗೆ ಮಾರಿದ್ದು 670 ಕೋಟಿ ಪೌಂಡಿಗೆ. ಕ್ಯಾಲ್ಕುಲೇಟರ್ ನಿಮ್ಮ ಫೋನಿನಲ್ಲೇ ಇದೆ.

ನಿಯಮಗಳು ಬದಲಾಗ್ತಿವೆ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷದೊಳಗಿನ ಮಕ್ಕಳಿಗೆ ಹೆಡರ್ ಬೇಡ ಅಂದರು. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳಿಗೆ ಅಭ್ಯಾಸದಲ್ಲಿ ಹೆಡರ್ ಇಲ್ಲ, ಈಗ ಹನ್ನೊಂದರೊಳಗಿನವರ ಪಂದ್ಯಗಳಿಂದಲೂ ಹಂತಹಂತವಾಗಿ ತೆಗೆಯುತ್ತಿದ್ದಾರೆ. 2021ರಿಂದ ಅಲ್ಲಿನ ವೃತ್ತಿಪರರಿಗೂ ಅಭ್ಯಾಸದಲ್ಲಿ ವಾರಕ್ಕೆ ಹತ್ತು ಜೋರಾದ ಹೆಡರ್‌ಗಿಂತ ಹೆಚ್ಚು ಬೇಡ ಅನ್ನುವ ಸಲಹೆ ಇದೆ. ಸ್ಕಾಟ್ಲೆಂಡಿನಲ್ಲಿ ಪಂದ್ಯದ ಹಿಂದಿನ ದಿನ, ಮಾರನೇ ದಿನ ಹೆಡರ್ ಅಭ್ಯಾಸ ಬೇಡ ಅಂತ 2022ರಲ್ಲಿ ಹೇಳಿದರು.

ವಾರಕ್ಕೊಂದು ದಿನ ಟರ್ಫಿಗೆ ಹೋಗುವ ನನ್ನಂಥವರು ಇದನ್ನು ಓದಿ ಗಾಬರಿ ಬೀಳಬೇಕಿಲ್ಲ. ಮೇಲಿನ ಅಂಕಿಗಳೆಲ್ಲ ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರದು. ನಮ್ಮ ಹೃದಯಕ್ಕೆ ಆ ಒಂದು ಗಂಟೆ ಓಟ ಬೇಕೇ ಬೇಕು, ಕೂತು ಕೂತು ಸಾಯೋ ಜಾತಿ ನಮ್ಮದು. ಆದರೆ ಎಂಟು ವರ್ಷದ ಹುಡುಗ ದಿನಾ ಕೋಚಿಂಗಿಗೆ ಹೋಗ್ತಾನೆ ಅಂದರೆ ಅದು ಬೇರೆ ಲೆಕ್ಕ.

ಹೋದ ಭಾನುವಾರ ಗೆಳೆಯನ ಹತ್ತಿರ ಹೋಗಿ, ಅವತ್ತು ನಾನು ಹೇಳಿದ್ದು ತಪ್ಪು ಕಣೋ ಅಂದೆ. ಅವನಿಗೆ ಕಾಲು ಗಂಟೆ ಪಾಠವೂ ಆಯಿತು. ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಸೇರಿಸಬೇಡ ಅಂತೀಯಾ?" ಅಂದ. ಇಲ್ಲಪ್ಪ, ಸೇರಿಸು, ಕೋಚ್ ಹತ್ತಿರ ಹೆಡಿಂಗ್ ಪ್ರಾಕ್ಟೀಸ್ ಯಾವ ವಯಸ್ಸಿಂದ ಮಾಡಿಸ್ತೀರಾ ಅಂತ ಮಾತ್ರ ಮೊದಲು ಕೇಳು, ತಡವರಿಸಿದರೆ ಬೇರೆ ಕಡೆ ನೋಡು ಅಂದೆ. ಅವನು ಸ್ವಲ್ಪ ಯೋಚನೆ ಮಾಡಿ, "ಕೀಪರ್ ಮಾಡಿಬಿಡ್ಲಾ?" ಅಂದ.

ಸಂಜೆ ಮೆಸೇಜ್ ಬಂತು. ಕೋಚ್ ಹನ್ನೆರಡು ವರ್ಷದವರೆಗೆ ಹೆಡಿಂಗ್ ಮಾಡಿಸಲ್ಲವಂತೆ, ಕೇಳುವ ಮುಂಚೆಯೇ ಅವರೇ ಹೇಳಿದರಂತೆ. ಹುಡುಗ ಸೇರಿಕೊಂಡಿದ್ದಾನೆ. ಕೀಪರ್ ಆಗಲ್ಲ ಅಂತ ಹಟ ಹಿಡಿದಿದ್ದಾನಂತೆ, ಅವನಿಗೆ ಗೋಲು ಹೊಡೀಬೇಕಂತೆ.